ಮನೆಯ ತಲೆಎಣ್ಣೆಗೆ ಪರಿಮಳ: ಹನಿ ಲೆಕ್ಕ ಬಿಟ್ಟು ಗ್ರಾಂ ಲೆಕ್ಕಕ್ಕೆ

ಮಳೆಗಾಲ ಹಿಡಿಯುವ ಮೊದಲು ತಲೆಗೆ ಹಾಕುವ ಎಣ್ಣೆ ಮಾಡಿಟ್ಟುಕೊಳ್ಳುವುದು ನಮ್ಮ ಮನೆಯ ಪದ್ಧತಿ. ಈ ಸಲ ಎರಡು ಮನೆಗೆ ಮಾಡಿದೆ. ಒಂದು ಪಾಲು ಶಿರಸಿ ಹತ್ತಿರದ ನಮ್ಮ ಮನೆಗೆ, ಇನ್ನೊಂದು ಕಾರವಾರದ ಅಕ್ಕನ ಮನೆಗೆ. ಕಾಲೇಜಿಗೆ ಹೋಗುವ ಅಕ್ಕನ ಮಗಳು ಕೇಳಿದ್ದಳು ಅಂತ ಸ್ವಲ್ಪ ಶಾಂಪೂವಿಗೂ ಪರಿಮಳ ಕೂಡಿಸಿದೆ. ಎಣ್ಣೆ ಕಾಸುವುದು ಹಳೆಯ ಕೆಲಸ, ನಮ್ಮ ಕಡೆ ಮನೆಮನೆಯಲ್ಲೂ ಬಲ್ಲವರಿದ್ದಾರೆ. ಪರಿಮಳ ಕೂಡಿಸುವ ಹೊತ್ತಿಗೆ ಮಾತ್ರ ಎಲ್ಲರೂ ಅಂದಾಜಿಗೆ ಬೀಳುತ್ತಾರೆ. ಹಾಗಾಗಿ ಆ ಭಾಗವನ್ನೇ ಜಾಸ್ತಿ ಬರೆಯುತ್ತೇನೆ.

ಮೊದಲು ಎಣ್ಣೆ

ಗಾಣದ ತೆಂಗಿನೆಣ್ಣೆಯೇ ಮುಖ್ಯ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಇರುತ್ತದೆ. ಅದರ ಅಣು ಸಣ್ಣದು, ನೇರವಾದದ್ದು. ಹಾಗಾಗಿ ಕೂದಲ ಮೇಲೆ ಸುಮ್ನೆ ಕೂರದೆ ಒಳಗೂ ಇಳಿಯುತ್ತದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ.

ತೊಂದರೆ ಏನೆಂದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕಾರವಾರದಲ್ಲಿ ಅಕ್ಕನಿಗೆ ಇದರ ಕಾಟ ಕಡಿಮೆ. ಘಟ್ಟದ ಮೇಲೆ ನಮಗೆ ಡಿಸೆಂಬರ್ ಬೆಳಿಗ್ಗೆ ಬಾಟಲಿಯಿಂದ ಎಣ್ಣೆ ಬೀಳುವುದೇ ಇಲ್ಲ. ಆಗ ಬಾಟಲಿಯನ್ನು ಬಚ್ಚಲ ಒಲೆಯ ದಂಡೆ ಮೇಲೆ ಇಟ್ಟು ಕರಗಿಸುತ್ತೇವೆ. ಬರೀ ಎಣ್ಣೆಯಾದರೆ ಅಡ್ಡಿಯಿಲ್ಲ. ಪರಿಮಳ ಹಾಕಿದ ಎಣ್ಣೆಯನ್ನು ದಿನಾ ಹೀಗೆ ಬಿಸಿ ಮಾಡಿದರೆ ಹಗುರವಾದ ಪರಿಮಳವೆಲ್ಲ ಹಾರಿಹೋಗುತ್ತದೆ. ಅದಕ್ಕೇ ಶಿರಸಿಯ ಪಾಲಿಗೆ ಎಳ್ಳೆಣ್ಣೆ, ಹರಳೆಣ್ಣೆ ಸೇರಿಸಿದೆ. ಆಗಲೂ ಚಳಿಗೆ ಮಂದವಾಗುತ್ತದೆ. ಆದರೆ ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸಾಕು, ಒಲೆ ಬೇಡ.

ಗರಗ, ಒಂದೆಲಗ, ದಾಸವಾಳದ ಸೊಪ್ಪು ಮೂರನ್ನೂ ಅರೆದು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಸಿದೆ. ಚಟಪಟ ಸದ್ದು ಪೂರ್ತಿ ನಿಲ್ಲಬೇಕು, ಸೊಪ್ಪು ಗರಿಗರಿಯಾಗಬೇಕು. ಸದ್ದು ಇದೆ ಎಂದರೆ ನೀರು ಇದೆ. ನೀರು ಉಳಿದರೆ ನಮ್ಮ ಮಳೆಗಾಲದಲ್ಲಿ ಎಣ್ಣೆ ಕೆಡುತ್ತದೆ, ತಳದಲ್ಲಿ ಬೂಷ್ಟು ಬರುತ್ತದೆ. ಸೋಸಿ, ಒಂದು ರಾತ್ರಿ ತಳ ಇಳಿಯಲು ಬಿಟ್ಟು, ಮೇಲಿನ ತಿಳಿ ಎಣ್ಣೆ ಮಾತ್ರ ತೆಗೆದುಕೊಂಡೆ. ಅದಕ್ಕೆ ಶೇ 0.5ರಷ್ಟು ವಿಟಮಿನ್ ಇ. ಇದು ಎಣ್ಣೆ ಕಮಟು ಬರುವುದನ್ನು ನಿಧಾನ ಮಾಡುತ್ತದೆ. ಬೂಷ್ಟನ್ನು ತಡೆಯುವುದಿಲ್ಲ. ಈ ಎರಡು ಕೆಲಸ ಬೇರೆ ಬೇರೆ, ತುಂಬಾ ಜನ ಒಂದೇ ಅಂದುಕೊಂಡಿರುತ್ತಾರೆ.

ಎರಡು ತರಹದ ಪರಿಮಳ

ಎಸೆನ್ಷಿಯಲ್ ಆಯಿಲ್ ಅಂದರೆ ಗಿಡದಿಂದ ತೆಗೆದದ್ದು. ಹೆಚ್ಚಿನವನ್ನು ಹಬೆ ಹಾಯಿಸಿ ಭಟ್ಟಿ ಇಳಿಸುತ್ತಾರೆ. ನಿಂಬೆ, ಕಿತ್ತಳೆ ಜಾತಿಯವನ್ನು ಸಿಪ್ಪೆ ಹಿಂಡಿ ತೆಗೆಯುತ್ತಾರೆ. ಫ್ರಾಗ್ರೆನ್ಸ್ ಆಯಿಲ್ ಅಂದರೆ ಪ್ರಯೋಗಾಲಯದಲ್ಲಿ ಬೇರೆ ಬೇರೆ ಪರಿಮಳದ ವಸ್ತುಗಳನ್ನು ಕೂಡಿಸಿ ಮಾಡಿದ್ದು. ನಮ್ಮಲ್ಲಿ ಅದನ್ನು ಸೆಂಟ್ ಎಂದೇ ಕರೆಯುತ್ತಾರೆ.

ಮೊದಲನೆಯದು ಒಳ್ಳೆಯದು, ಎರಡನೆಯದು ಕೆಟ್ಟದ್ದು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುವವರು ಬಹಳ. ನಾನು ಒಪ್ಪುವುದಿಲ್ಲ. ಅಪ್ಪೆಮಿಡಿ ಕೊಯ್ದವರಿಗೆ ಇದು ಗೊತ್ತು. ಮಿಡಿಯ ತೊಟ್ಟು ಮುರಿದಾಗ ಬರುವ ಸೊನೆಯಷ್ಟು ಪರಿಮಳ ಇನ್ನೊಂದಿಲ್ಲ. ಅದೇ ಸೊನೆ ತುಟಿಗೆ, ಕೆನ್ನೆಗೆ ತಾಗಿದರೆ ಸುಟ್ಟ ಗಾಯ ಆಗುತ್ತದೆ. ಮರದಿಂದಲೇ ಬಂದದ್ದು, ಕಲಬೆರಕೆ ಇಲ್ಲದ್ದು, ಆದರೂ ಸುಡುತ್ತದೆ. ಎಸೆನ್ಷಿಯಲ್ ಆಯಿಲ್ ಕೂಡ ಇಂಥದ್ದೇ ಗಟ್ಟಿ ವಸ್ತು. ದಾಲ್ಚಿನ್ನಿ ತೊಗಟೆಯ ಎಣ್ಣೆಯನ್ನು ಚರ್ಮಕ್ಕೆ ಶೇ 0.07ಕ್ಕಿಂತ ಜಾಸ್ತಿ ಹಾಕಬಾರದು ಎನ್ನುವುದು ಸುರಕ್ಷತೆಯ ಲೆಕ್ಕ. ಲವಂಗದ ಎಣ್ಣೆಗೆ ಶೇ 0.5, ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆಗೆ ಶೇ 0.7. ಹಿಂಡಿ ತೆಗೆದ ಲಿಂಬು ಎಣ್ಣೆಯಲ್ಲಿ ಬಿಸಿಲಿಗೆ ಚರ್ಮ ಸುಡಿಸುವ ಗುಣ ಇದೆ. ಬೈತಲೆ ತೆಗೆದ ಕಡೆ ಅದನ್ನು ಹಚ್ಚಿಕೊಂಡು ಕಾರವಾರದ ಬಿಸಿಲಿಗೆ ಹೋಗುವುದು ಬೇಡ. ನಾನು ಲಿಂಬು ಜಾತಿಯದನ್ನು ತಲೆಗೆ ಬಳಸುವುದೇ ಇಲ್ಲ.

ಸೆಂಟ್‌ಗೆ ಅದರದೇ ಪರೀಕ್ಷೆ ಇದೆ. ಇಫ್ರಾ ಎನ್ನುವ ಅಂತರರಾಷ್ಟ್ರೀಯ ಸುಗಂಧ ಸಂಸ್ಥೆ 1973ರಿಂದ ಇದೆ. ಯಾವ ಪರಿಮಳದ ವಸ್ತುವನ್ನು ಯಾವ ಬಗೆಯ ಸಾಮಾನಿಗೆ ಎಷ್ಟರವರೆಗೆ ಹಾಕಬಹುದು ಅಂತ ಅವರು ಮಿತಿ ಹಾಕುತ್ತಾರೆ. ಸರಿಯಾದ ಮಾರಾಟಗಾರರು ಪ್ರತಿ ಸೆಂಟ್‌ಗೂ ಇಫ್ರಾ ಪತ್ರ ಕೊಡುತ್ತಾರೆ. ಅದರಲ್ಲಿ ವರ್ಗಗಳ ಪಟ್ಟಿ ಇರುತ್ತದೆ. ಕೂದಲಿಗೆ ಹಚ್ಚಿ ಹಾಗೇ ಬಿಡುವ ಎಣ್ಣೆಗೆ 7ಬಿ, ಕೂದಲಿಗೆ ಬಣ್ಣ ಹಾಕಿ ತೊಳೆಯುವಂಥದಕ್ಕೆ 7ಎ, ಶಾಂಪೂವಿಗೆ, ತೊಳೆಯುವ ಕಂಡಿಷನರ್‌ಗೆ 9. ಒಂದೇ ಸೆಂಟ್‌ಗೆ ಈ ಮೂರರಲ್ಲಿ ಬೇರೆ ಬೇರೆ ಅಂಕಿ ಇರಬಹುದು. ನಾನು ನೋಡುವುದು ಆ ಸಾಲನ್ನೇ. ಪತ್ರ ಕೊಡದವರ ಹತ್ತಿರ ತಲೆಗೆ ಹಾಕುವ ಸೆಂಟ್ ಕೊಳ್ಳುವುದಿಲ್ಲ. ಅಗರಬತ್ತಿಗೆ, ಕಾರಿಗೆ, ಮೇಣದಬತ್ತಿಗೆ ಮಾಡಿದ ಸೆಂಟ್ ಎಷ್ಟು ಚೆನ್ನಾಗಿದ್ದರೂ ಮೈಗೆ ಅಲ್ಲ.

ಮಲ್ಲಿಗೆಯ ವಿಷಯ ಬೇರೆಯಾಗಿ ಹೇಳಬೇಕು. ಅಕ್ಕನಿಗೆ ಬೇಕಾಗಿದ್ದು ಮಲ್ಲಿಗೆ. ಭಟ್ಕಳ ಮಲ್ಲಿಗೆ ಮುಡಿದು ಬೆಳೆದವರಿಗೆ ಇನ್ನೇನು ಬೇಕಾಗುತ್ತದೆ ಹೇಳಿ. ಆದರೆ ಮಲ್ಲಿಗೆ ಹೂವು ಹಬೆಯ ಬಿಸಿ ತಡೆಯುವುದಿಲ್ಲ. ಅದರ ಪರಿಮಳವನ್ನು ದ್ರಾವಕ ಬಳಸಿ ತೆಗೆಯುತ್ತಾರೆ, ರಾಶಿ ಹೂವಿಗೆ ಚೂರು ಸಾರ ಸಿಗುತ್ತದೆ. ಹಾಗಾಗಿ ನಿಜವಾದ ಮಲ್ಲಿಗೆ ಸಾರ ಬಲು ದುಬಾರಿ. ಲ್ಯಾವೆಂಡರ್ ಬೆಲೆಗೇ ಮಲ್ಲಿಗೆ, ಗುಲಾಬಿ, ಶ್ರೀಗಂಧದ 'ಎಸೆನ್ಷಿಯಲ್ ಆಯಿಲ್' ಸಿಗುತ್ತಿದೆ ಎಂದರೆ ಅದು ಸೆಂಟ್ ಅಥವಾ ಕಲಬೆರಕೆ. ಹೆಸರು ಬದಲಿಸಿ ಮಾರಿದ ಸೆಂಟ್‌ಗಿಂತ ಪತ್ರದ ಜೊತೆ ಬರುವ ಸೆಂಟ್ ಎಷ್ಟೋ ಮೇಲು. ಅಕ್ಕನ ಪಾಲಿಗೆ ನಾನು ಅದನ್ನೇ ಹಾಕಿದೆ.

ಹೂವನ್ನೇ ಎಣ್ಣೆಗೆ ಹಾಕಿದರೆ ಆಗದಾ ಎಂದು ಆಯಿ ಕೇಳಿದರು. ಹಸಿ ಮಲ್ಲಿಗೆಯಲ್ಲಿ ನೀರು ಜಾಸ್ತಿ. ಕಾಸಿದರೆ ಬೆಂದ ವಾಸನೆ, ಕಾಸದಿದ್ದರೆ ಎಣ್ಣೆ ಹಾಳು. ಉತ್ತರ ಪ್ರದೇಶದ ಕಡೆ ಎಳ್ಳಿನ ನಡುವೆ ಹೂವನ್ನು ಪದರ ಪದರವಾಗಿ ಹರಡಿ, ಬಾಡಿದ ಹೂ ತೆಗೆದು ಹೊಸದು ಹಾಕಿ, ಕೊನೆಗೆ ಆ ಎಳ್ಳನ್ನೇ ಗಾಣಕ್ಕೆ ಹಾಕುವ ಹಳೆಯ ಕ್ರಮ ಇದೆ. ಮನೆಯ ಅಳತೆಗೆ ಅದು ಹೊಂದುವುದಿಲ್ಲ. ನಮ್ಮ ಕಡೆ ಸುರಗಿ ಇದೆಯಲ್ಲ, ಅದು ಈ ಕೆಲಸಕ್ಕೆ ಬಂತು. ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು. ಕರಾವಳಿಯ ಹೆಂಗಸರು ಸುರಗಿ ದಂಡೆ ಒಣಗಿದ ಮೇಲೂ ಎತ್ತಿಟ್ಟುಕೊಳ್ಳುವುದು ಸುಮ್ನೆ ಅಲ್ಲ. ಚೆನ್ನಾಗಿ ಒಣಗಿದ ಸುರಗಿಯನ್ನು ಉಗುರುಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ನೆನೆಹಾಕಿ ಮುಚ್ಚಿಟ್ಟೆ. ಪರಿಮಳ ತೆಳು, ಬಾಟಲಿ ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ, ತಲೆಯಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಆದರೂ ಆಯಿಗೆ ಅದೇ ಬೇಕು. ಅವರ ಸಣ್ಣ ಬಾಟಲಿಗೆ ಬೇರೆ ಏನೂ ಹಾಕಲಿಲ್ಲ.

ಮಿಶ್ರಣ

ಹನಿ ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಲಾವಂಚದ ಎಣ್ಣೆ ಬೆಲ್ಲದ ಪಾಕದಷ್ಟು ಮಂದ, ಅದರ ಹನಿ ದಪ್ಪ. ರೋಸ್ಮರಿ ನೀರಿನ ಹಾಗೆ ತೆಳು, ಹನಿ ಸಣ್ಣದು. ಬಾಟಲಿಯ ಮೂತಿ ಬದಲಾದರೆ ಹನಿಯೂ ಬದಲಾಗುತ್ತದೆ. ಒಂದು ಮಿಲಿಲೀಟರ್‌ಗೆ 20 ಹನಿ ಅಂತ ಹೇಳುತ್ತಾರೆ, 30 ಆಗುವುದೂ ಇದೆ. ಆಭರಣ ತೂಗುವಂಥ 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಈ ಗೊಂದಲವೇ ಇಲ್ಲ.

ಒಂದು ಎಚ್ಚರ. ಅಗ್ಗದ ತಕ್ಕಡಿಗಳು ಒಂದೊಂದೇ ಹನಿ ಬಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಂಕಿ ಕದಲುವುದಿಲ್ಲ. ಅದಕ್ಕೆ ದಾರಿ: ಪರಿಮಳದ ಎಣ್ಣೆಗಳನ್ನೇ ಮೊದಲು ದೊಡ್ಡ ಅಳತೆಯಲ್ಲಿ ಕೂಡಿಸಿಟ್ಟುಕೊಂಡು, ಆಮೇಲೆ ಆ ಮಿಶ್ರಣದಿಂದ ಬೇಕಾದಷ್ಟು ತೂಗುವುದು. ನಾನು 10 ಗ್ರಾಂ ಮಿಶ್ರಣ ಮಾಡಿದೆ. ರೋಸ್ಮರಿ 4 ಗ್ರಾಂ, ಲ್ಯಾವೆಂಡರ್ 3, ಲಾವಂಚ 2, ಮಜ್ಜಿಗೆ ಹುಲ್ಲು 1. ಸಣ್ಣ ಗಾಜಿನ ಬಾಟಲಿಯಲ್ಲಿ ಕೂಡಿಸಿ ಕೆಲವು ದಿನ ಕತ್ತಲಲ್ಲಿ ಇಟ್ಟೆ. ಹೊಸದಾಗಿ ಕೂಡಿಸಿದಾಗ ಮಜ್ಜಿಗೆ ಹುಲ್ಲು ಒಂದೇ ಮೂಗಿಗೆ ಹೊಡೆಯುತ್ತದೆ. ದಿನ ಕಳೆದ ಮೇಲೆ ಎಲ್ಲ ಹೊಂದಿಕೊಂಡು ಒಂದೇ ಪರಿಮಳವಾಗುತ್ತದೆ.

ಲಾವಂಚ ಇಲ್ಲಿ ಬರೀ ಪರಿಮಳಕ್ಕಲ್ಲ, ಹಿಡಿದಿಡುವುದಕ್ಕೆ. ಮಜ್ಜಿಗೆ ಹುಲ್ಲು, ರೋಸ್ಮರಿ ಬೇಗ ಹಾರುತ್ತವೆ. ಲಾವಂಚ ನಿಧಾನವಾಗಿ ಹಾರುತ್ತದೆ, ಮಿಕ್ಕವನ್ನೂ ಸ್ವಲ್ಪ ತಡೆದು ನಿಲ್ಲಿಸುತ್ತದೆ. ಪಚೋಲಿಯೂ ಅದೇ ಕೆಲಸ ಮಾಡುತ್ತದೆ. ಪಚ್ಚೆತೆನೆ ಮುಡಿದು ಅಭ್ಯಾಸ ಇರುವವರಿಗೆ ಆ ವಾಸನೆ ಹಿಡಿಸುತ್ತದೆ. ಶ್ರೀಗಂಧದ ಎಣ್ಣೆ ಎಲ್ಲಕ್ಕಿಂತ ಚೆನ್ನ, ಬೆಲೆಯಿಂದಾಗಿ ಬಿಟ್ಟೆ.

ಕೊಂಡ ಎಣ್ಣೆಗೆ ಬೇರೆ ಎಣ್ಣೆ ಬೆರೆಸಿದ್ದಾರಾ ಎಂದು ನೋಡಲು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಬಿಡಬಹುದು. ರೋಸ್ಮರಿ, ಲ್ಯಾವೆಂಡರ್ ಹಾರಿಹೋಗಿ ಹೆಚ್ಚೆಂದರೆ ತೆಳು ಗುರುತು ಉಳಿಯಬೇಕು. ಕರಿದ ಹಪ್ಪಳ ಇಟ್ಟಂಥ ಜಿಡ್ಡಿನ ಕಲೆ ಉಳಿದರೆ ಅಡುಗೆ ಎಣ್ಣೆಯಂಥದು ಬೆರೆತಿದೆ. ಲಾವಂಚಕ್ಕೆ, ಪಚೋಲಿಗೆ ಈ ಪರೀಕ್ಷೆ ನಡೆಯದು, ಅವು ಶುದ್ಧವಾಗಿದ್ದರೂ ಕಲೆ ಬಿಡುತ್ತವೆ.

ಶಿರಸಿಯ ಪಾಲು 500 ಗ್ರಾಂ. ತೆಂಗಿನೆಣ್ಣೆ 340, ಎಳ್ಳೆಣ್ಣೆ 100, ಹರಳೆಣ್ಣೆ 52.5, ವಿಟಮಿನ್ ಇ 2.5, ಮಿಶ್ರಣ 5. ಅಂದರೆ ಪರಿಮಳ ಶೇ 1. ಇದರಲ್ಲಿ ಮಜ್ಜಿಗೆ ಹುಲ್ಲು ಶೇ 0.1 ಮಾತ್ರ, ಮಿತಿಗಿಂತ ಬಹಳ ಕೆಳಗೆ. ತಲೆಯಲ್ಲೇ ಉಳಿಯುವ ಎಣ್ಣೆಗೆ ಶೇ 1 ನನ್ನ ಲೆಕ್ಕದಲ್ಲಿ ಸಾಕು. ಎರಡರವರೆಗೂ ಹಾಕುವವರಿದ್ದಾರೆ. ಆದರೆ ನಾವು ತಲೆಗೆ ಎಣ್ಣೆ ಹಚ್ಚಿಕೊಂಡು ರಾತ್ರಿಯೆಲ್ಲ ಮಲಗುವವರು, ದಿಂಬಿಗೂ ಕಣ್ಣಿಗೂ ಹತ್ತಿರ.

ಕಾರವಾರದ ಪಾಲೂ 500 ಗ್ರಾಂ. ತೆಂಗಿನೆಣ್ಣೆ 445, ಹರಳೆಣ್ಣೆ 49.5, ವಿಟಮಿನ್ ಇ 2.5, ಮಲ್ಲಿಗೆ ಸೆಂಟ್ 2.5, ಲಾವಂಚ 0.5. ಸೆಂಟ್ ಶೇ 0.5 ಆಯಿತು. ಪತ್ರದ 7ಬಿ ಸಾಲಿನಲ್ಲಿ ಇದ್ದ ಮಿತಿಗಿಂತ ಕಡಿಮೆಯೇ ಹಾಕಿದ್ದು. ಮಿತಿ ಅಂದರೆ ಅಷ್ಟು ಹಾಕಲೇಬೇಕು ಅಂತಲ್ಲ.

ಎರಡಕ್ಕೂ ಪರಿಮಳ ಬೆರೆಸಿದ್ದು ಎಣ್ಣೆ 40 ಡಿಗ್ರಿಗಿಂತ ತಣ್ಣಗಾದ ಮೇಲೆ. ಪಾತ್ರೆ ಮುಟ್ಟಿದರೆ ಉಗುರುಬೆಚ್ಚಗೆ ಅನಿಸಬೇಕು. ಬಿಸಿ ಎಣ್ಣೆಗೆ ಹಾಕಿದರೆ ಅಡುಗೆಮನೆ ಘಮಘಮ ಅನ್ನುತ್ತದೆ, ಬಾಟಲಿಯಲ್ಲಿ ಏನೂ ಉಳಿಯುವುದಿಲ್ಲ.

ತುಂಬಿಸಿದ್ದು ಕಂದು ಬಣ್ಣದ ಗಾಜಿನ ಬಾಟಲಿಗೆ. ಮಿಶ್ರಣದ ಬಾಟಲಿಗೆ ರಬ್ಬರ್ ಬುರುಡೆಯ ಡ್ರಾಪರ್ ಹಾಕಿಡಬಾರದು. ಗಟ್ಟಿ ಪರಿಮಳದ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬೆಳಕು, ಗಾಳಿ, ಬಿಸಿ ಮೂರೂ ಇದಕ್ಕೆ ಶತ್ರು. ಟೀ ಟ್ರೀ, ಲ್ಯಾವೆಂಡರ್, ಕಿತ್ತಳೆ ಎಣ್ಣೆಗಳು ಗಾಳಿಗೆ ಹಳತಾದಂತೆ ಅಲರ್ಜಿ ಮಾಡುವ ಗುಣ ಜಾಸ್ತಿಯಾಗುತ್ತದೆ. ತೆರೆದ ತಾರೀಕನ್ನು ಬಾಟಲಿ ಮೇಲೆ ಬರೆದಿಡುವುದು ಅದಕ್ಕೇ.

ಕರ್ಪೂರದ ಬಗ್ಗೆ

ಹೊಟ್ಟಿಗೆ ಅಂತ ತೆಂಗಿನೆಣ್ಣೆಗೆ ಪೂಜೆಯ ಕರ್ಪೂರ ಹಾಕುವುದು ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ತಂಪು ಅನಿಸುತ್ತದೆ, ತುರಿಕೆ ಸ್ವಲ್ಪ ಹೊತ್ತು ಮರೆಯುತ್ತದೆ. ಪೂಜೆಯ ಕರ್ಪೂರ ಉರಿಸಲು ಮಾಡಿದ್ದು, ಮೈಗೆ ಹಚ್ಚಲು ಅಲ್ಲ. ಎಳೆ ಮಕ್ಕಳಿರುವ ಮನೆಯಲ್ಲಿ ಅದು ನಿಜಕ್ಕೂ ಅಪಾಯ. ಕರ್ಪೂರ ಚರ್ಮದಿಂದಲೂ ಒಳಗೆ ಹೋಗುತ್ತದೆ. ಮಗು ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಗೂ ಇದೇ ಮಾತು. ಸಣ್ಣ ಮಕ್ಕಳ ತಲೆಗೆ ಬರೀ ತೆಂಗಿನೆಣ್ಣೆ ಸಾಕು, ಯಾವ ಪರಿಮಳವೂ ಬೇಡ. ಬಸುರಿಯರು ಡಾಕ್ಟರನ್ನು ಕೇಳಿಯೇ ಬಳಸಲಿ.

ಹೊಟ್ಟಿಗೆ ಇನ್ನೊಂದು ಮಾತು. ಹೊಟ್ಟಿನ ಹಿಂದೆ ಇರುವ ಮಲಸೇಜಿಯಾ ಎನ್ನುವ ಶಿಲೀಂಧ್ರ ಎಣ್ಣೆಯ ಕೊಬ್ಬನ್ನೇ ತಿಂದು ಬದುಕುವುದು. ಹೊಟ್ಟು ಜೋರಿದ್ದವರು ರಾತ್ರಿಯೆಲ್ಲ ಎಣ್ಣೆ ಬಿಡುವುದಕ್ಕಿಂತ ತೊಳೆಯುವುದು ಒಳ್ಳೆಯದು. 2002ರ ಒಂದು ಅಧ್ಯಯನದಲ್ಲಿ 126 ಜನರನ್ನು ನೋಡಿದ್ದರು. ಶೇ 5 ಟೀ ಟ್ರೀ ಎಣ್ಣೆ ಇದ್ದ ಶಾಂಪೂ ಬಳಸಿದವರಲ್ಲಿ ಹೊಟ್ಟು ಶೇ 41ರಷ್ಟು ಸುಧಾರಿಸಿತು, ಅದಿಲ್ಲದ ಶಾಂಪೂವಿನಲ್ಲಿ ಶೇ 11. ಅದು ಹಚ್ಚಿ ತೊಳೆಯುವ ಶಾಂಪೂ ಎನ್ನುವುದು ನೆನಪಿರಲಿ. ಅದೇ ಶೇ 5ನ್ನು ತಲೆಯಲ್ಲೇ ಉಳಿಯುವ ಎಣ್ಣೆಗೆ ಹಾಕಬಾರದು.

ಕೂದಲು ಬೆಳೆಯುತ್ತದಾ ಅಂತ ರೋಸ್ಮರಿ ನೋಡಿದವರೆಲ್ಲ ಕೇಳುತ್ತಾರೆ. 2015ರಲ್ಲಿ ಇರಾನಿನಲ್ಲಿ, ವಂಶದಿಂದ ಬರುವ ಬೋಳುತನ ಇದ್ದ 100 ಜನರಲ್ಲಿ ಅರ್ಧ ಜನರಿಗೆ ರೋಸ್ಮರಿ, ಅರ್ಧ ಜನರಿಗೆ ಕೂದಲು ಬೆಳೆಯಲು ಹಚ್ಚುವ ಔಷಧವಾದ ಮಿನಾಕ್ಸಿಡಿಲ್ ಶೇ 2ರದ್ದು ಕೊಟ್ಟು ನೋಡಿದರು. ಮೂರು ತಿಂಗಳಿಗೆ ಎರಡರಲ್ಲೂ ಏನೂ ಇಲ್ಲ. ಆರು ತಿಂಗಳಿಗೆ ಎರಡರಲ್ಲೂ ಕೂದಲು ಹೆಚ್ಚಿತು, ಎರಡರ ನಡುವೆ ದೊಡ್ಡ ವ್ಯತ್ಯಾಸ ಇರಲಿಲ್ಲ. ಏನೂ ಹಚ್ಚದ ಮೂರನೇ ಗುಂಪು ಇರಲಿಲ್ಲ. ಅಷ್ಟರಿಂದ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ನಮ್ಮ ಎಣ್ಣೆಯಲ್ಲಿ ರೋಸ್ಮರಿ ಇರುವುದು ಶೇ 0.4, ಪರಿಮಳಕ್ಕೆ.

ಶಾಂಪೂ

ನೀರು ಇರುವ ಸಾಮಾನು ಬಂದ ಕೂಡಲೇ ಲೆಕ್ಕ ಬೇರೆ. ಪರಿಮಳದ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಸೀಗೆ ನೀರಿಗೆ, ತಲೆ ತೊಳೆಯುವ ಕೊನೆಯ ಚೊಂಬಿಗೆ ಎರಡು ಹನಿ ಬಿಡಿ ಅಂತ ಹೇಳುವುದನ್ನು ಕೇಳಿದ್ದೇನೆ. ಆ ಹನಿ ಮೇಲೆ ತೇಲುತ್ತಿರುತ್ತದೆ. ಸುರಿದಾಗ ಗಟ್ಟಿ ಎಣ್ಣೆಯೇ ನೆತ್ತಿಗೋ ಕಣ್ಣಿಗೋ ಬೀಳುತ್ತದೆ. ಕೊನೆಯ ಚೊಂಬಿಗೆ ಪರಿಮಳ ಬೇಕಿದ್ದರೆ ಲಾವಂಚದ ಬೇರು ಹಾಕಿ ಕುದಿಸಿದ ನೀರು ಆರಿಸಿ ಸುರಿದುಕೊಳ್ಳಬಹುದು, ಅದೇ ದಿನ ಖರ್ಚು ಮಾಡಬೇಕು. ಸೀಗೆಪುಡಿಗೆ ಎಣ್ಣೆ ಬೆರೆಸಿದರೆ ಗಂಟು ಕಟ್ಟುತ್ತದೆ. ಅದಕ್ಕೆ ಗಂಧಕಚೋರ, ಒಣಗಿದ ಲಾವಂಚದ ಪುಡಿಯೇ ಸರಿ.

ಅಕ್ಕನ ಮಗಳಿಗೆ ವಾಸನೆ ಇಲ್ಲದ, ಸಂರಕ್ಷಕ ಆಗಲೇ ಹಾಕಿದ ಶಾಂಪೂ ಬೇಸ್ ತರಿಸಿದೆ. ಅದರಲ್ಲಿ ನೊರೆಯ ವಸ್ತು ಇರುವುದರಿಂದ ಅಷ್ಟಿಷ್ಟು ಪರಿಮಳವನ್ನು ಅದೇ ಕರಗಿಸಿಕೊಳ್ಳುತ್ತದೆ. ಮೊದಲು 50 ಗ್ರಾಂ ಬೇಸ್‌ಗೆ 0.25 ಗ್ರಾಂ ಪರಿಮಳ ಹಾಕಿ ಒಂದು ರಾತ್ರಿ ಬಿಟ್ಟು ನೋಡಿದೆ. ಈ ಪರೀಕ್ಷೆ ಬಿಡಲೇಬಾರದು. ಕೆಲವು ಸೆಂಟ್ ಶಾಂಪೂವನ್ನು ನೀರು ಮಾಡಿಬಿಡುತ್ತದೆ, ಕೆಲವು ಗಟ್ಟಿ ಮಾಡುತ್ತದೆ, ವೆನಿಲಾ ಇರುವವು ದಿನ ಕಳೆದಂತೆ ಕಂದು ಬಣ್ಣ ಬರಿಸುತ್ತವೆ. ಮಲ್ಲಿಗೆ ಸೆಂಟ್ ಸ್ವಲ್ಪ ತೆಳು ಮಾಡಿತು. ಉಪ್ಪಿನ ನೀರನ್ನು ಚೂರು ಚೂರೇ ಹಾಕಿ ಕದಡಿದರೆ ಮತ್ತೆ ಮಂದವಾಗುತ್ತದೆ. ಒಂದು ಹಂತ ದಾಟಿ ಉಪ್ಪು ಹೆಚ್ಚಾದರೆ ತಿರುಗಿ ನೀರಾಗುತ್ತದೆ, ಆಮೇಲೆ ಅದನ್ನು ಸರಿ ಮಾಡುವುದು ಕಷ್ಟ. ಸರಿ ಅನಿಸಿದ ಮೇಲೆ 200 ಗ್ರಾಂ ಮಾಡಿದೆ. ಮಲ್ಲಿಗೆ ಸೆಂಟ್ 0.6 ಗ್ರಾಂ, ಲ್ಯಾವೆಂಡರ್ 0.4 ಗ್ರಾಂ. ಪತ್ರದಲ್ಲಿ 9ನೇ ವರ್ಗದ ಸಾಲನ್ನೂ ನೋಡಿಕೊಂಡೆ.

ಸೀಗೆ ಕಷಾಯವನ್ನೂ ಅದಕ್ಕೆ ಸೇರಿಸು ಅಂತ ಅಕ್ಕ ಹೇಳಿದಳು. ಸೇರಿಸಲಿಲ್ಲ. ಬೇಸ್‌ನಲ್ಲಿರುವ ಸಂರಕ್ಷಕ ಆ ಅಳತೆಗೆ ಮಾತ್ರ ಸಾಕಾಗುವಂಥದ್ದು. ಕಷಾಯ ಸುರಿದರೆ ಸಂರಕ್ಷಕ ತೆಳುವಾಗುತ್ತದೆ, ಕೀಟಾಣುಗಳಿಗೆ ಊಟವೂ ಸಿಗುತ್ತದೆ. ಎಸೆನ್ಷಿಯಲ್ ಆಯಿಲ್ ಇದೆಯಲ್ಲ, ಕೆಡುವುದಿಲ್ಲ ಎನ್ನುವುದು ಸುಳ್ಳು. ಪರಿಮಳಕ್ಕೆ ಹಾಕುವಷ್ಟರಲ್ಲಿ ಅದು ಸಂರಕ್ಷಕದ ಕೆಲಸ ಮಾಡುವುದಿಲ್ಲ.

ಹಚ್ಚಿ ನೋಡಿದ್ದು

ಮೂರನ್ನೂ ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಎರಡು ದಿನ ನೋಡಿದೆವು, ಶಾಂಪೂವನ್ನು ಮಾತ್ರ ನೀರು ಬೆರೆಸಿ ಹಚ್ಚಿ ತೊಳೆದು. ಕೆಂಪಾಗಲಿಲ್ಲ, ತುರಿಸಲಿಲ್ಲ. ಆಮೇಲೇ ತಲೆಗೆ.

ಶಿರಸಿಯ ಎಣ್ಣೆಯಲ್ಲಿ ಮಜ್ಜಿಗೆ ಹುಲ್ಲು ಮೊದಲು ಹೋಗುತ್ತದೆ, ಬೆಳಿಗ್ಗೆ ದಿಂಬಿನಲ್ಲಿ ಉಳಿದಿರುವುದು ಲಾವಂಚ. ಮಳೆಯಲ್ಲಿ ಕೂದಲು ಒಣಗದೆ ಬರುವ ಮುಗ್ಗಲು ವಾಸನೆಯ ಮೇಲೆ ಅದು ಚೆನ್ನಾಗಿ ಕೂರುತ್ತದೆ. ಆಯಿ ತಮ್ಮ ಸುರಗಿ ಬಾಟಲಿ ಬಿಟ್ಟು ಇದನ್ನೂ ಒಮ್ಮೆ ಹಚ್ಚಿಕೊಂಡರು. "ಪರಿಮಳ ಚೊಲೋ ಇದ್ದು. ಇದಕ್ಕಿಂತ ಜಾಸ್ತಿ ಹಾಕಡ" ಅಂದರು. ಅಂದರೆ ಶೇ 1 ಸರಿಯಾಗಿದೆ.

ಕಾರವಾರದ ಬಾಟಲಿ ದೇವಿಮನೆ ಘಟ್ಟ ಇಳಿದು ಹೋಯಿತು. ಅಲ್ಲಿಯ ಸೆಖೆಗೆ, ಬೆವರಿಗೆ ಮಲ್ಲಿಗೆ ಇಲ್ಲಿಗಿಂತ ಜೋರಾಗಿ ಏಳುತ್ತದೆ. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುತ್ತಾರೆ ಅಂತ ಅಕ್ಕ ಫೋನ್ ಮಾಡಿದಳು. "ಮುಂದಿನ ಸಲ ಮಲ್ಲಿಗೆ ಅರ್ಧ ಮಾಡೇ" ಅಂದಳು. ಬೆಚ್ಚಗಿನ ಜಾಗಕ್ಕೆ ಪರಿಮಳ ಕಡಿಮೆ ಸಾಕು ಎನ್ನುವುದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಕಾರವಾರದ ಪಾಲಿಗೆ ಮಲ್ಲಿಗೆ 1.25 ಗ್ರಾಂ, ಲಾವಂಚ ಹಾಗೇ 0.5. ಕಡಿಮೆಯಾದ 1.25 ಗ್ರಾಂ ತೂಕಕ್ಕೆ ತೆಂಗಿನೆಣ್ಣೆ 446.25. ಶಾಂಪೂ ಈಗಿರುವ ಹಾಗೇ ಮುಂದುವರಿಯುತ್ತದೆ, ತೊಳೆದು ಹೋಗುವುದರಿಂದ ಅದರ ಪರಿಮಳ ಹೆಚ್ಚಾಯಿತು ಅಂತ ಯಾರೂ ಹೇಳಲಿಲ್ಲ.